ಹೈಡ್ ಮಾಡಿದ ಕಾಲಂ ಬೇರೆಯವರಿಗೆ ಕಂಡಿದ್ದು ಹೇಗೆ?

ಪ್ರಶ್ನೆ: ನಾನು ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಸಿಬ್ಬಂದಿಯ ವೇತನ ಮತ್ತು ರಜೆಯ ವಿವರಗಳನ್ನು ಒಂದೇ ಎಕ್ಸೆಲ್ ಫೈಲಿನಲ್ಲಿ ಇಟ್ಟಿದ್ದೇನೆ. ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಸಾಲದ ಕಂತಿನ ಕಾಲಂಗಳನ್ನು ಹೈಡ್ ಮಾಡಿ, ಶೀಟ್‌ಗೆ ಪಾಸ್‌ವರ್ಡ್ ಹಾಕಿ, ರಜೆ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳಲಿ ಎಂದು ಎಲ್ಲ ಶಿಕ್ಷಕರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೆ. ಎರಡೇ ದಿನಗಳಲ್ಲಿ ಒಬ್ಬರ ಸಾಲದ ವಿಷಯ ಸ್ಟಾಫ್ ರೂಮಿನಲ್ಲಿ ಮಾತಾಯಿತು. ಪಾಸ್‌ವರ್ಡನ್ನು ನಾನು ಯಾರಿಗೂ ಹೇಳಿಲ್ಲ. ಇದು ಹೇಗಾಯಿತು, ಮುಂದೆ ಏನು ಮಾಡಲಿ?

ಉತ್ತರ: ನಿಮ್ಮ ಪಾಸ್‌ವರ್ಡ್ ಯಾರಿಗೂ ಬೇಕಾಗಿರಲಿಲ್ಲ. ‘ರಿವ್ಯೂ’ ಟ್ಯಾಬಿನಲ್ಲಿರುವ ‘ಪ್ರೊಟೆಕ್ಟ್ ಶೀಟ್’ ಸೌಲಭ್ಯವು ಕೈತಪ್ಪಿ ಯಾರಾದರೂ ಸೂತ್ರ ಅಳಿಸದಿರಲಿ, ಅಂಕಿ ತಿದ್ದದಿರಲಿ ಎಂಬುದಕ್ಕಾಗಿ ಇದೆಯೇ ಹೊರತು ಮಾಹಿತಿಯನ್ನು ಗುಟ್ಟಾಗಿಡುವುದಕ್ಕಲ್ಲ. ನೀವೇ ಪರೀಕ್ಷಿಸಿ ನೋಡಬಹುದು. ಹೈಡ್ ಆಗಿರುವ ಕಾಲಂನ ಎಡಬಲದ ಕಾಲಂಗಳನ್ನು ಸೇರಿಸಿ ಹತ್ತು ಸಾಲುಗಳನ್ನು ಆಯ್ದುಕೊಂಡು, ಕಾಪಿ ಮಾಡಿ, ಹೊಸ ಫೈಲಿನಲ್ಲಿ ಪೇಸ್ಟ್ ಮಾಡಿ: ನಡುವೆ ಅಡಗಿದ್ದ ಕಾಲಂ ಕೂಡ ಅಲ್ಲಿ ಬಂದು ಕೂರುತ್ತದೆ. ಶೀಟ್‌ಗೆ ಪಾಸ್‌ವರ್ಡ್ ಇದ್ದರೂ, ಸೆಲ್‌ಗಳನ್ನು ಆಯ್ದುಕೊಳ್ಳುವ ಅನುಮತಿಯನ್ನು ನೀವಾಗಿಯೇ ತೆಗೆದಿರದಿದ್ದರೆ, ಇದಕ್ಕೆ ಯಾವ ಅಡ್ಡಿಯೂ ಇಲ್ಲ.

ಆ ಅನುಮತಿಯನ್ನು ತೆಗೆದರೂ ಪ್ರಯೋಜನ ಅಷ್ಟಕ್ಕಷ್ಟೇ. 2007ರ ಆವೃತ್ತಿಯಿಂದೀಚೆಗೆ ಬಳಕೆಯಲ್ಲಿರುವ ಎಕ್ಸೆಲ್ ಫೈಲ್ ವಾಸ್ತವವಾಗಿ ಒಂದು ಜಿಪ್ ಕಟ್ಟು. ಅದನ್ನು ಬಿಚ್ಚಿದರೆ ಪ್ರತಿ ಶೀಟಿನ ಮಾಹಿತಿಯೂ ಸಾದಾ ಪಠ್ಯವಾಗಿ ಸಿಗುತ್ತದೆ, ಶೀಟಿನ ರಕ್ಷಣೆ ಎಂಬುದು ಅದರೊಳಗಿನ ಒಂದೇ ಒಂದು ಸಾಲಾಗಿರುತ್ತದೆ, ಆ ಸಾಲನ್ನು ಅಳಿಸಿದರೆ ರಕ್ಷಣೆಯೂ ಹೋಗುತ್ತದೆ. ಅಕ್ಷರಕ್ಕೆ ಬಿಳಿ ಬಣ್ಣ ಕೊಡುವುದು, ‘ವೆರಿ ಹಿಡನ್’ ಮಾಡಿ ಶೀಟನ್ನು ಅನ್‌ಹೈಡ್ ಪಟ್ಟಿಯಿಂದಲೇ ತಪ್ಪಿಸುವುದು ಮುಂತಾದ ಉಪಾಯಗಳೂ ಇದೇ ಜಾತಿಯವು.

ಈ ತಪ್ಪು ದೊಡ್ಡ ಇಲಾಖೆಗಳಲ್ಲೂ ಆಗಿದೆ. 2023ರ ಆಗಸ್ಟ್ 8ರಂದು ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೊಟ್ಟ ಎಕ್ಸೆಲ್ ಫೈಲಿನಲ್ಲಿ ಅಡಗಿದ್ದ ಶೀಟೊಂದು ಉಳಿದುಹೋಗಿತ್ತು. ಸುಮಾರು 9,500 ಅಧಿಕಾರಿಗಳ ಮತ್ತು ಸಿಬ್ಬಂದಿಯ ಮನೆತನದ ಹೆಸರು, ಹುದ್ದೆ, ವಿಭಾಗಗಳು ಹಾಗೆ ಅಂತರ್ಜಾಲಕ್ಕೆ ಬಂದವು. ಪೊಲೀಸರ ಗುರುತು ಬಯಲಾದರೆ ಜೀವಕ್ಕೇ ಅಪಾಯವಿರುವ ಆ ನಾಡಿನಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ಮರುವರ್ಷ ಇಲಾಖೆಗೆ 7,50,000 ಪೌಂಡ್ ದಂಡ ಬಿತ್ತು.

ಇನ್ನು ಪರಿಹಾರ. ‘ಫೈಲ್’, ‘ಇನ್ಫೋ’, ‘ಪ್ರೊಟೆಕ್ಟ್ ವರ್ಕ್‌ಬುಕ್’ಗೆ ಹೋಗಿ ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಆಯ್ದುಕೊಂಡರೆ ಇಡೀ ಫೈಲ್ ಗೂಢಲಿಪಿಗೆ ತಿರುಗುತ್ತದೆ. ನಿಜವಾದ ಬೀಗ ಇದೊಂದೇ. ನಿಮ್ಮ ಮೂಲ ಫೈಲಿಗೆ ಇದನ್ನು ಹಾಕಿ, ಪಾಸ್‌ವರ್ಡನ್ನು ಜೋಪಾನವಾಗಿಡಿ, ಏಕೆಂದರೆ ಅದು ಮರೆತರೆ ಮೈಕ್ರೋಸಾಫ್ಟ್ ಕೂಡ ಮರಳಿಸಿ ಕೊಡಲಾರದು. ಆದರೆ ಶಿಕ್ಷಕರಿಗೆ ಕಳುಹಿಸುವ ಫೈಲಿಗೆ ಇದು ಉತ್ತರವಲ್ಲ: ಪಾಸ್‌ವರ್ಡ್ ಇದ್ದವರಿಗೆ ಫೈಲಿನಲ್ಲಿರುವುದೆಲ್ಲವೂ ಸಿಗುತ್ತದೆ. ಅವರಿಗಾಗಿ ಹೊಸ ಫೈಲೊಂದನ್ನು ತೆರೆದು, ಹೆಸರು ಮತ್ತು ರಜೆಯ ಕಾಲಂಗಳನ್ನು ಒಂದೊಂದಾಗಿ ಕಾಪಿ ಮಾಡಿ, ‘ಪೇಸ್ಟ್ ಸ್ಪೆಷಲ್’ನಲ್ಲಿ ‘ವ್ಯಾಲ್ಯೂಸ್’ ಆಯ್ದು ಅಂಟಿಸಿ. ಮೂಲ ಫೈಲನ್ನೇ ಬೇರೆ ಹೆಸರಿನಲ್ಲಿ ಉಳಿಸಿ ಬೇಡದ ಶೀಟ್ ಅಳಿಸುವ ಅಭ್ಯಾಸ ನನಗೆ ಸರಿಬರುವುದಿಲ್ಲ. ಅದರಲ್ಲಿ ಪಿವೋಟ್ ಟೇಬಲ್ (ದೊಡ್ಡ ಪಟ್ಟಿಯ ಅಂಕಿಗಳನ್ನು ಒಟ್ಟುಗೂಡಿಸಿ ತೋರಿಸುವ ಸಾರಾಂಶ ಕೋಷ್ಟಕ) ಇದ್ದರೆ, ಶೀಟ್ ಅಳಿಸಿದ ಮೇಲೂ ಮೂಲ ಅಂಕಿಗಳ ಪ್ರತಿಯೊಂದು ಅದರೊಳಗೆ ಉಳಿದಿರಬಹುದು. ಕಳುಹಿಸುವ ಮುನ್ನ ‘ಇನ್ಫೋ’ದಲ್ಲೇ ಇರುವ ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಒತ್ತಿದರೆ, ಅಡಗಿರುವ ಸಾಲು, ಕಾಲಂ, ಶೀಟುಗಳಿದ್ದರೆ ಎಕ್ಸೆಲ್ಲೇ ತಿಳಿಸುತ್ತದೆ. ಬರೀ ನೋಡುವುದಕ್ಕಾದರೆ ಪಿಡಿಎಫ್ ಸಾಕು.

ಈಗಾಗಲೇ ಹೋಗಿರುವ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಅಳಿಸಿದರೂ, ಇಳಿಸಿಕೊಂಡವರ ಬಳಿ ಪ್ರತಿ ಉಳಿದಿರುವ ಸಾಧ್ಯತೆ ಇದೆ. ಮುಖ್ಯೋಪಾಧ್ಯಾಯರಿಗೆ ವಿಷಯ ತಿಳಿಸಿ. ಯಾರ ಖಾತೆ ಸಂಖ್ಯೆ ಆ ಫೈಲಿನಲ್ಲಿತ್ತೋ ಅವರಿಗೂ ಹೇಳಿಬಿಡಿ, ಬ್ಯಾಂಕಿನ ಹೆಸರಿನಲ್ಲಿ ಬರುವ ಕರೆಗಳ ಬಗ್ಗೆ ಅವರು ಎಚ್ಚರದಿಂದಿರಲು ಅನುಕೂಲವಾಗುತ್ತದೆ.