ನನ್ನ ಮೂರು ಸಿಲಿಂಡರ್ ಕಾರು ನಡುಗುತ್ತಿದೆ. ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಕಾರಿಗೆ ಹಿಡಿದಿಡೋ ರಬ್ಬರ್ ಆಸರೆ) ನಾನೇ ಬದಲಿಸಬೇಕು, 2 ಟನ್ ಜಾಕ್ ಸಾಕಾ, 3 ಟನ್ ಬೇಕಾ?

ನಾನೂ ಇದಕ್ಕೇ ತಲೆ ಕೆಡಿಸಿಕೊಂಡು 3 ಟನ್ನಿನದ್ದೇ ತಂದಿದ್ದೆ. ನನ್ನದು ಹಳೇ ಮಾರುತಿ 800. ಇಡೀ ಕಾರೇ 650 ಕೆಜಿ ಆಸುಪಾಸು, ಅದರ ಎಂಜಿನ್ ಎತ್ತೋಕೆ 3 ಟನ್ ಜಾಕ್! ಟನ್ ಲೆಕ್ಕ ಬಿಡಿ, ಜಾಕ್ ಎಲ್ಲಿಗೆ ಕೊಡ್ತೀರಿ ಅನ್ನೋದು ಹೇಳಿ.

ಗ್ಯಾರೇಜಿನಲ್ಲಿ ಕೂಲಿ 600 ಕೇಳಿದರು. ನಾಲ್ಕು ಬೋಲ್ಟ್ ಬಿಚ್ಚೋಕೆ ಇಷ್ಟಾ ಅಂತ ಮನೆ ಮುಂದೆ ನಾನೇ ಶುರು ಮಾಡಿದೆ. ಎಂಜಿನ್ ತಳದ ಆಯಿಲ್ ಚೇಂಬರ್ ಕೆಳಗೆ ಜಾಕ್, ನಡುವೆ ಮರದ ತುಂಡು. ಮರ ಇಟ್ಟರೆ ಏನೂ ಆಗಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ. ನನ್ನ ತುಂಡು ಹಣ್ಣಿನ ಪೆಟ್ಟಿಗೆಯದ್ದು, ಅಂಗೈ ಅಗಲ. ಚೇಂಬರ್ ತೆಳು ತಗಡು, ಆಯಿಲ್ ತುಂಬಿಡೋಕೆ ಮಾಡಿದ್ದು, ಎಂಜಿನ್ ಹೊರೋಕಲ್ಲ.

ಬೋಲ್ಟ್ ಅರ್ಧ ಬಂದು ಕಚ್ಚಿಕೊಂಡಿತು. ಇನ್ನೂ ಭಾರ ಇದೆ ಅಂದುಕೊಂಡು ಹ್ಯಾಂಡಲ್ ಒತ್ತಿದೆ. ಬರಲಿಲ್ಲ. ಮತ್ತೆ ಒತ್ತಿದೆ. ಉಳಿದ ಮೌಂಟಿಂಗ್‌ಗಳು ಬಿಗಿಯಾಗೇ ಇದ್ದವು, ಹಾಗಾಗಿ ಎಂಜಿನ್ ಜೊತೆ ಕಾರಿನ ಮೂತಿಯೂ ಮೆಲ್ಲಗೆ ಮೇಲೇಳ್ತಾ ಇತ್ತು, ನಾನು ಬೋಲ್ಟನ್ನೇ ನೋಡ್ತಾ ಕೂತಿದ್ದೆ. ಎಂಜಿನ್ ಆಗಲೇ ಜಾಸ್ತಿ ಮೇಲೆ ಹೋಗಿತ್ತು, ಅದಕ್ಕೇ ಬೋಲ್ಟ್ ಕಚ್ಚಿದ್ದು. ಒಂದು ಬೆರಳು ಇಳಿಸಿದ್ದರೆ ಕೈಯಲ್ಲೇ ಬರ್ತಿತ್ತು! ಟಪ್ ಅಂತ ಮರ ಸೀಳಿತು. ಬೇರೆ ತುಂಡು ಇಟ್ಟು ಕೆಲಸ ಮುಗಿಸಿದೆ.

ಮಾರನೇ ದಿನ ಆಯಿಲ್ ಗೇಜ್ ಎಳೆದು ನೋಡಿದರೆ ಮೇಲಿನ ಗೆರೆ ದಾಟಿತ್ತು. ನಾನು ಒಂದು ಹನಿ ಹಾಕಿರಲಿಲ್ಲ. ಚೇಂಬರ್ ಒಳಗೆ ಅದುಮಿ ಜಾಗ ಕಮ್ಮಿಯಾಗಿದೆ ಅಂತ ಹೊಳೆಯಲೇ ಇಲ್ಲ, ಜಾಸ್ತಿ ಇದ್ದರೆ ಒಳ್ಳೇದೇ ಅಂದುಕೊಂಡೆ. ಭಾನುವಾರ ಚಾಮುಂಡಿ ಬೆಟ್ಟ ಹತ್ತುವಾಗ, ಸೆಕೆಂಡ್ ಗೇರ್‌ನಲ್ಲಿ, ಕೆಂಪು ಆಯಿಲ್ ಲೈಟ್ ಮಿಣುಕಿತು. ಗೇಜ್ ಫುಲ್ ಇದೆಯಲ್ಲ ಅಂತ ಇನ್ನೂ ಎರಡು ತಿರುವು ಓಡಿಸಿದೆ. ಮೆಕ್ಯಾನಿಕ್ ಚೇಂಬರ್ ಬಿಚ್ಚಿ ತೋರಿಸಿದ: ಒಳಗೆ ದುಂಡಗೆ ಉಬ್ಬು, ಅದು ಆಯಿಲ್ ಎಳೆಯೋ ಜಾಲರಿಗೆ ಸರಿಯಾಗಿ ಅಂಟಿಕೊಂಡಿತ್ತು. "ಜಾಕಿನ ಮುದ್ರೆ ಒತ್ತಿದ್ದೀರಲ್ಲ ಸಾರ್" ಅಂದ. ಆಯಿಲ್ ಸಿಗದೆ ಸವೆದ ಬೇರಿಂಗ್ ಸೇರಿ 11,000 ಆಯಿತು.

ಹಾಗಾಗಿ ಕೆಳಗಿಂದ ಕೊಡಲೇಬೇಡಿ, ಮೇಲಿಂದ ಹಿಡಿಯಿರಿ. ಬಾನೆಟ್ ಜಾಗದಲ್ಲಿ ಅಡ್ಡ ಇಡೋ ಸಪೋರ್ಟ್ ಬಾರ್ ಸಿಗುತ್ತದೆ, ಗುರುತಿನ ಗ್ಯಾರೇಜ್ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಎಂಜಿನ್ ಮೇಲೇ ಎತ್ತೋಕೆ ಕೊಂಡಿ ಇರುತ್ತದೆ, ಚೈನ್ ಅದಕ್ಕೇ ಹಾಕಿ. ಬಾರ್‌ನ ಕಾಲು ಫೆಂಡರ್ ತಗಡಿನ ಮೇಲೆ ಕೂರಬಾರದು, ಒಳಗಿನ ಗಟ್ಟಿ ಅಂಚಿನ ಮೇಲಿರಲಿ. ಮನೆ ಶೀಟಿನ ಪೈಪಿಗೆ ಚೈನ್ ಕಟ್ಟೋ ಐಡಿಯಾ ಬಂದರೆ ಸುಮ್ನೆ ಗ್ಯಾರೇಜಿಗೆ ಹೋಗಿ. ಒಂದು ಸಲಕ್ಕೆ ಒಂದೇ ಮೌಂಟಿಂಗ್. ಬೋಲ್ಟ್ ಬೆರಳಲ್ಲಿ ತಿರುಗಿದರೆ ಎತ್ತರ ಸರಿ ಇದೆ ಅಂತ, ಕಚ್ಚಿದರೆ ಮೊದಲು ಸ್ವಲ್ಪ ಇಳಿಸಿ ನೋಡಿ. ಕೆಳಗೆ ನುಸುಳಬೇಕಾದರೆ ಕಾರಿಗೆ ಸ್ಟ್ಯಾಂಡ್ ಕೊಡಿ, ಜಾಕ್ ನಂಬಬೇಡಿ, ಅದರ ಆಯಿಲ್ ಸೀಲ್ ಸೋರಿದರೆ ತಾನಾಗೇ ಕೂರುತ್ತದೆ.

ಅಂದಹಾಗೆ ನಿಮ್ಮದೂ ಮೂರು ಸಿಲಿಂಡರ್ ಅಂದಿರಿ. ಅದು ಹೊಸ ಮೌಂಟಿಂಗ್ ಹಾಕಿದರೂ ಸ್ವಲ್ಪ ನಡುಗುತ್ತದೆ. ನಡುಕಕ್ಕೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ದೀರಾ?