ಒಂದೇ ಊರಲ್ಲಿ ಮೂರು ಜಾನ್, ಯಾರು ಯಾರ ಮಗ?

ಪ್ರಶ್ನೆ: ನಮ್ಮ ಸೊಸೆ ಅಮೆರಿಕದವಳು, ಅವರ ಮನೆತನದವ್ರು 1630ರ ಸುಮಾರಿಗೆ ಇಂಗ್ಲೆಂಡಿಂದ ಮ್ಯಾಸಚೂಸೆಟ್ಸ್‌ಗೆ ಬಂದೋರು. ಮೊಮ್ಮಗಳಿಗೆ ವಂಶವೃಕ್ಷ ಮಾಡ್ಕೊಡೋಣ ಅಂತ ಕೂತ್ರೆ ಒಂದೇ ಊರಲ್ಲಿ ಒಂದೇ ಸರ್‌ನೇಮಿನ ಮೂರು ಜಾನ್ ಸಿಕ್ಕಿದ್ದಾರೆ. ಒಬ್ಬ ಸೀನಿಯರ್, ಒಬ್ಬ ಜೂನಿಯರ್, ಇನ್ನೊಬ್ಬ ಬರೀ ಜಾನ್. ಜೂನಿಯರ್ ಅಂದ್ರೆ ಸೀನಿಯರ್ ಮಗ ಅಂತ ಬರ್ಕೊಂಡುಬಿಡ್ಲಾ?

ಉತ್ತರ: ದಯವಿಟ್ಟು ಬರ್ಕೋಬೇಡಿ. ಆಗಿನ ಗುಮಾಸ್ತರು ಊರಲ್ಲಿ ಒಂದೇ ಹೆಸರಿನವ್ರಲ್ಲಿ ದೊಡ್ಡೋನ್ಯಾರು ಚಿಕ್ಕೋನ್ಯಾರು ಅಂತ ಗುರುತಿಗೆ ಹಾಗೆ ಬರೀತಿದ್ರು ಅಷ್ಟೇ, ಅವ್ರು ಚಿಕ್ಕಪ್ಪ-ಅಣ್ಣನ ಮಗ ಆಗಿರ್ಬಹುದು, ಸಂಬಂಧಾನೇ ಇಲ್ಲದೋರೂ ಆಗಿರ್ಬಹುದು. ದೊಡ್ಡೋನು ತೀರ್ಕೊಂಡ್ರೆ ಅಲ್ಲಿವರೆಗೆ ಜೂನಿಯರ್ ಆಗಿದ್ದೋನೇ ಸೀನಿಯರ್ ಆಗ್ಬಿಡ್ತಿದ್ದ, ಹಾಗಾಗಿ 1670ರ ಸೀನಿಯರ್ರೇ 1690ರ ಸೀನಿಯರ್ ಅಂತ ಗ್ಯಾರಂಟಿ ಇಲ್ಲ. ಹೆಂಗಸರಿಗೂ ಇದೇ ರೂಢಿ, 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ನಡೆದ ಮಾಟದ ಕೇಸಲ್ಲಿ ಬರೋ ಆನ್ ಪಟ್ನಮ್ ಸೀನಿಯರ್, ಜೂನಿಯರ್ ಮಾತ್ರ ನಿಜಕ್ಕೂ ತಾಯಿ ಮಗಳೇ.

ಹೆಸರು ಪಕ್ಕಕ್ಕಿಟ್ಟು ಜಮೀನಿನ ಹಿಂದೆ ಹೋಗಿ. ಕ್ರಯಪತ್ರದಲ್ಲಿ ಸುತ್ತಲಿನ ಜಮೀನು ಯಾರದ್ದು ಅಂತ ಇರುತ್ತೆ, ಎಷ್ಟೋ ಸಲ ಹೆಂಡತಿ ತನ್ನ ಹಕ್ಕು ಬಿಟ್ಕೊಟ್ಟಿದ್ದೂ ಇರುತ್ತೆ, ಹೆಂಡತಿ ಹೆಸರು ಸಿಕ್ರೆ ಅರ್ಧ ಗಂಟು ಬಿಚ್ಚಿದ ಹಾಗೆ. ಅದೇ ಜಮೀನು ಯಾರ ವಿಲ್‌ನಿಂದ ಬಂತು ಅಂತ ನೋಡಿದ್ರೆ ಅಪ್ಪ ಗೊತ್ತಾಗೋ ಚಾನ್ಸ್ ಜಾಸ್ತಿ. ರಿಜಿಸ್ಟರ್ ಪುಸ್ತಕದಲ್ಲಿರೋದು ಗುಮಾಸ್ತನ ನಕಲು, ಅದರಲ್ಲಿ ಕೈಬರಹ ಹೋಲಿಸೋಕೆ ಹೋಗ್ಬೇಡಿ, ಸಹಿ ಬೇಕಂದ್ರೆ ಒರಿಜಿನಲ್ ವಿಲ್ ಹುಡುಕಿ. ವಿಲ್‌ನಲ್ಲಿ ಸನ್-ಇನ್-ಲಾ ಅಂತಿದ್ರೆ ಅಳಿಯಾನೇ ಅಂದ್ಕೋಬೇಡಿ, ಹೆಂಡತಿಯ ಮೊದಲ ಗಂಡನ ಮಗನಿಗೂ ಹಾಗೇ ಅಂತಿದ್ರು.

ತಾರೀಖು ನೋಡೋವಾಗಂತೂ ಹುಷಾರು. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗ್ತಿದ್ದಿದ್ದು ಮಾರ್ಚ್ 25ಕ್ಕೆ. ಜಾನ್‌ಗೆ 1690ರ ಏಪ್ರಿಲ್‌ನಲ್ಲಿ ಒಂದು ಮಗು, 1690ರ ಫೆಬ್ರವರಿಯಲ್ಲಿ ಇನ್ನೊಂದು ಅಂತ ಇದ್ರೆ ಎರಡೇ ತಿಂಗಳ ಅಂತರ, ಇಬ್ಬರು ಬೇರೆ ಜಾನ್‌ಗಳೇ ಇರ್ಬೇಕು ಅನ್ಸುತ್ತೆ, ಆದ್ರೆ ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1691, ಅಂದ್ರೆ ಹತ್ತು ತಿಂಗಳಾದ್ಮೇಲೆ. ತೀರಿಹೋದ ಮಗುವಿನ ಹೆಸರನ್ನೇ ಮುಂದಿನ ಮಗುಗೆ ಇಡ್ತಿದ್ರು, ಅದೂ ನೆನಪಿರ್ಲಿ.

ಬರೀ ಜಾನ್ ಅಂತಿರೋನಿಂದಾನೇ ಶುರು ಮಾಡಿ. ಊರಲ್ಲಿ ಆ ಹೆಸರಿನವ್ನು ಒಬ್ಬನೇ ಇದ್ದಾಗ ಗುಮಾಸ್ತನಿಗೆ ಗುರುತು ಹಾಕೋ ಅಗತ್ಯ ಇರ್ಲಿಲ್ಲ. ಅವನ ದಾಖಲೆಗಳು ಸೀನಿಯರ್, ಜೂನಿಯರ್ ಅಂತ ಬರೋಕೆ ಶುರುವಾದ ವರ್ಷಕ್ಕೇ ನಿಂತುಹೋಗಿದ್ರೆ ಅವನು ಆ ಇಬ್ಬರಲ್ಲೇ ಒಬ್ಬ ಇರ್ಬಹುದು, ಹೆಂಡತಿ, ಜಮೀನು ಎರಡೂ ತಾಳೆ ನೋಡಿ.