ವೋಟೂ ಕೇಳಿ, ನೋಟೂ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಚುನಾವಣೆ ಚಂದಾದ್ದೇ ಜಾಸ್ತಿ. ಹಾಗಾಗಿ ಮಂಡಿನೋವು, ಸೈಟಿನ ಜಗಳ, ಅತ್ತೆ-ಸೊಸೆ ಎಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ನಾವು ಹದಿನೈದು ಜನ ಗೆಳೆಯರು ಸೇರಿ ಒಂದು ಚಿಕ್ಕ ಪಕ್ಷದ ತಾಲ್ಲೂಕು ಘಟಕ ಮಾಡಿಕೊಂಡಿದ್ದೇವೆ. ಬಸ್ ಸ್ಟ್ಯಾಂಡ್ ಹಿಂದೆ ಬಾಡಿಗೆ ಕೋಣೆ, ಒಂದು ಬೋರ್ಡು, ಆರು ಪ್ಲಾಸ್ಟಿಕ್ ಕುರ್ಚಿ. ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ಅಲ್ಲಿಂದ ಕಾಯ್ತಾ ಇದ್ದೇವೆ. ಚುನಾವಣೆ ಬಂದರೆ ನಮ್ಮಲ್ಲೇ ಒಬ್ಬರನ್ನು ನಿಲ್ಲಿಸುವ ಆಸೆ. ಕೈಯಲ್ಲಿ ಕಾಸಿಲ್ಲ. ಚಂದಾ ಎತ್ತೋಣ ಅಂತ ಹೋದರೆ ‘ಬೇರೆಯವರು ವೋಟಿಗೆ ದುಡ್ಡು ಕೊಡ್ತಾರೆ, ನೀವು ವೋಟೂ ಕೇಳ್ತೀರಿ, ದುಡ್ಡೂ ಕೇಳ್ತೀರಿ’ ಅಂತ ನಗ್ತಾರೆ. ಏನು ಮಾಡೋದು?
— ಒಬ್ಬ ಓದುಗ, ಹೊಸನಗರ

ಉತ್ತರ: ನಗಲಿ ಬಿಡಿ. ನಿಮ್ಮ ಊರಿಗೆ ಇದು ಹೊಸದೇ ಅಲ್ಲ, ಮರೆತಿದ್ದಾರೆ ಅಷ್ಟೆ. 1952ರಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ನಿಮ್ಮ ಕಡೆಯಿಂದಲೇ ವಿಧಾನಸಭೆಗೆ ನಿಂತರಲ್ಲ, ಆಗ ಅವರ ಹತ್ತಿರ ಏನಿತ್ತು? ಹಿಂದಿನ ವರ್ಷ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು, ಜನ ಮುಖ ಗುರುತು ಹಿಡಿಯುತ್ತಿದ್ದರು, ಅದೇ ಬಂಡವಾಳ. ‘ಒಂದು ವೋಟು, ಒಂದು ನೋಟು’ (ವೋಟಿನ ಜೊತೆ ಒಂದು ನೋಟೂ ಕೊಡಿ) ಅನ್ನೋ ಮಾತನ್ನು ಮಲೆನಾಡಿನಲ್ಲಿ ಇವತ್ತಿಗೂ ಅವರ ಹೆಸರಿಗೇ ಸೇರಿಸಿ ಹೇಳ್ತಾರೆ. ಅವರು ಗೆದ್ದೂ ಗೆದ್ದರು. ಮಂಡ್ಯದ ಕಡೆ ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು ಹೀಗೇ ಜನರ ದುಡ್ಡಲ್ಲೇ ಚುನಾವಣೆ ಮಾಡಿದವರು, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. 2023ರಲ್ಲಿ ಅದೇ ಕ್ಷೇತ್ರದಿಂದ ಅವರ ಮಗ ಗೆದ್ದರು.

ಈಗ ನಾಚಿಕೆ ವಿಷಯಕ್ಕೆ ಬರೋಣ. ಗಣೇಶನಿಗೆ, ರಾಜ್ಯೋತ್ಸವಕ್ಕೆ, ಊರ ಜಾತ್ರೆಗೆ ಚಂದಾ ಎತ್ತೋವಾಗ ಇಲ್ಲದ ನಾಚಿಕೆ ಇಲ್ಲಿ ಯಾಕೆ? ಅಲ್ಲಿ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕೊಡುವವರಿಗೆ ಕಾಣುತ್ತೆ. ಪೆಂಡಾಲ್ ಕಾಣುತ್ತೆ, ಪ್ರಸಾದ ಸಿಗುತ್ತೆ. ನೀವೂ ಹಾಗೇ ಕಾಣುವ ಹಾಗೆ ಕೇಳಿ. ‘ಪಕ್ಷಕ್ಕೆ ಸಹಾಯ ಮಾಡಿ’ ಅಂದರೆ ಯಾರೂ ಜೇಬಿಗೆ ಕೈ ಹಾಕೋದಿಲ್ಲ. ‘ಸಾವಿರ ಕರಪತ್ರ ಹಾಕಿಸಬೇಕು, ಪ್ರೆಸ್ಸಿನವರು ಇಷ್ಟು ಕೇಳಿದ್ದಾರೆ, ಅರ್ಧ ಆಗಿದೆ, ನಿಮ್ಮ ಪಾಲಿನ ಇಪ್ಪತ್ತು ರೂಪಾಯಿ ಕೊಡಿ’ ಅನ್ನಿ. ಆಟೋಗೆ ಮೈಕು ಕಟ್ಟಿಸೋದು, ಮತದಾನದ ದಿನ ಏಜೆಂಟರಿಗೆ ಬುತ್ತಿ, ಹೀಗೆ ಒಂದೊಂದಕ್ಕೆ ಒಂದೊಂದು ಬೀದಿ ಹಂಚಿಕೊಳ್ಳಿ. ಇಬ್ಬರಿಬ್ಬರೇ ಹೋಗಿ. ಹದಿನೈದು ಜನ ಒಟ್ಟಿಗೆ ಅಂಗಡಿ ಮುಂದೆ ನಿಂತರೆ ಅದು ವಸೂಲಿ ಥರ ಕಾಣುತ್ತೆ. ನಿಮ್ಮ ಕಡೆ ಅಡಿಕೆ ದುಡ್ಡು ಕೈಗೆ ಬರೋ ಕಾಲ ನಿಮಗೇ ಗೊತ್ತು, ಆಗ ಹೋಗಿ. ಶಾಲೆ ಫೀಸು ಕಟ್ಟೋ ಜೂನ್ ತಿಂಗಳಲ್ಲಿ ಮಾತ್ರ ಬೇಡ.

ನಾನೂ ಒಂದು ಕಾಲದಲ್ಲಿ ಹೀಗೆ ರಸೀದಿ ಪುಸ್ತಕ ಹಿಡಿದು ಸಂತೆ ಸುತ್ತಿದವನು. ಮೊದಲ ಗಂಟೆಯಲ್ಲಿ ಕೈಗೆ ಬಂದಿದ್ದು ಮೂವತ್ತು ರೂಪಾಯಿ, ಜೊತೆಗೆ ಎರಡು ಬೈಗುಳ. ಆಮೇಲೆ ಸೇವಂತಿಗೆ ಕಟ್ಟುತ್ತಿದ್ದ ಒಬ್ಬ ಅಜ್ಜಿ ಹತ್ತು ರೂಪಾಯಿ ಕೊಟ್ಟರು. ಚಿಲ್ಲರೆ ಕೊಟ್ಟವರಿಗೆಲ್ಲ ರಸೀದಿ ಯಾಕೆ ಅಂತ ನಾನು ಮುಂದೆ ಹೊರಟೆ. ‘ಎಲ್ಲಪ್ಪಾ ಚೀಟಿ?’ ಅಂದರು. ಬರೆದುಕೊಟ್ಟೆ. ಓದೋಕೆ ಬರ್ತಿರಲಿಲ್ಲ, ಪಕ್ಕದ ಸೊಪ್ಪಿನವಳ ಹತ್ತಿರ ಹೆಸರು ಸರಿಯಾಗಿದೆಯಾ ಅಂತ ಓದಿಸಿದರು. ಇನಿಷಿಯಲ್ ತಪ್ಪಾಗಿತ್ತು, ಬೇರೆ ಬರೆಸಿಕೊಂಡು ಎಲೆ-ಅಡಿಕೆ ಚೀಲದಲ್ಲಿ ಮಡಚಿಟ್ಟರು. ಆ ಚುನಾವಣೆಯಲ್ಲಿ ನಾವು ಸೋತೆವು, ಆದರೆ ಆಮೇಲೆ ಎಷ್ಟೋ ಸಂತೆಗಳವರೆಗೆ ಅಜ್ಜಿ ನನ್ನನ್ನು ಕರೆದು ‘ನಮ್ಮೋರು ಏನು ಮಾಡ್ತಾವ್ರೆ ಈಗ?’ ಅಂತ ಕೇಳ್ತಿದ್ದರು. ಯಾವ ಸಾಹುಕಾರನೂ ನಮ್ಮನ್ನು ಹಾಗೆ ಕೇಳಿರಲಿಲ್ಲ. ಸಾಹುಕಾರನ ಹತ್ತು ಸಾವಿರ ತಗೊಂಡರೆ ಅವನ ಕೆಲಸ ಮಾಡಿಕೊಡಬೇಕಾಗುತ್ತೆ. ಅಜ್ಜಿಗೆ ಬೇಕಾಗಿದ್ದು ಸುದ್ದಿ ಅಷ್ಟೆ. ಹತ್ತು ರೂಪಾಯಿ ಕೊಟ್ಟವರು ಮನೆಗೆ ಹೋಗಿ ಆ ವಿಷಯ ಹೇಳೇ ಹೇಳ್ತಾರೆ. ನಿಮ್ಮ ಕರಪತ್ರಕ್ಕಿಂತ ಅದು ಜಾಸ್ತಿ ಮನೆ ಮುಟ್ಟುತ್ತೆ.

ಪ್ರಶ್ನೆ: ನಮ್ಮ ಘಟಕದ ಖಜಾಂಚಿ ತನ್ನ ಸ್ವಂತ ಫೋನಿನ ಕ್ಯೂಆರ್ ಕೋಡನ್ನೇ ಗುಂಪಿನಲ್ಲಿ ಹಾಕಿದ್ದಾನೆ. ಒಳ್ಳೆಯ ಹುಡುಗ. ಆದರೂ ಇದು ಸರಿನಾ? ಎಷ್ಟು ನಗದು ತಗೋಬಹುದು?
— ಓದುಗರು, ಪಾಂಡವಪುರ

ಉತ್ತರ: ಹುಡುಗ ಒಳ್ಳೆಯವನೇ ಇರಬಹುದು, ಕ್ಯೂಆರ್ ಮಾತ್ರ ಇವತ್ತೇ ತೆಗೆಸಿ. ನಮ್ಮ ಪರಿಚಯದ ಒಂದು ಗುಂಪಿನಲ್ಲಿ ಹೀಗೇ ಆಗಿ, ಚುನಾವಣೆ ಚಂದಾ ಮತ್ತು ಹಸುವಿನ ಹಿಂಡಿ ದುಡ್ಡು ಒಂದೇ ಖಾತೆಯಲ್ಲಿ ಕಲಸಿಹೋಗಿ, ಒಬ್ಬರನ್ನೊಬ್ಬರು ಮಾತಾಡಿಸದ ಹಾಗಾಯಿತು. ಯಾರೂ ಕದ್ದಿರಲಿಲ್ಲ, ಅದೇ ಬೇಜಾರಿನ ಸಂಗತಿ.

ಚಂದಾ ಪಕ್ಷದ ಹೆಸರಿನ ಖಾತೆಗೇ ಹೋಗಲಿ, ರಸೀದಿ ಪಕ್ಷದ್ದೇ ಇರಲಿ. ಚಂದಾ ಎತ್ತೋಕೆ ಜಿಲ್ಲಾ ಘಟಕದಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಪಕ್ಷದ ತೆರಿಗೆ ವಿನಾಯಿತಿ ಉಳಿಯಬೇಕಾದರೆ ಒಬ್ಬರಿಂದ 2,000 ರೂಪಾಯಿಗಿಂತ ಜಾಸ್ತಿ ನಗದು ತಗೋಬಾರದು. ವರ್ಷದಲ್ಲಿ ಒಬ್ಬರು 20,000 ರೂಪಾಯಿ ದಾಟಿ ಕೊಟ್ಟರೆ ಅವರ ಹೆಸರು ಚುನಾವಣಾ ಆಯೋಗಕ್ಕೆ ಕೊಡುವ ವರದಿಯಲ್ಲಿ ಬರಬೇಕು. ಕೊಟ್ಟವರು ತೆರಿಗೆಯಲ್ಲಿ ಕಳೆಯಬೇಕು ಅಂದರೆ ನೋಂದಾಯಿತ ಪಕ್ಷಕ್ಕೆ, ನಗದಲ್ಲದೆ ಕೊಟ್ಟಿರಬೇಕು, ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು.

ವಿಧಾನಸಭೆಗೆ ನಿಲ್ಲುವವರಾದರೆ ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ಬೇರೆ ಬ್ಯಾಂಕ್ ಖಾತೆ ತೆರೆದು ಎಲ್ಲ ಖರ್ಚೂ ಅದರಿಂದಲೇ ಮಾಡಬೇಕು. 2022ರಲ್ಲಿ ಹೆಚ್ಚಿಸಿದ ಮಿತಿ ಪ್ರಕಾರ ನಮ್ಮಲ್ಲಿ ಒಬ್ಬ ವಿಧಾನಸಭಾ ಅಭ್ಯರ್ಥಿ 40 ಲಕ್ಷದವರೆಗೆ ಖರ್ಚು ಮಾಡಬಹುದು. (ನಿಮ್ಮ ಹುಡುಗರಿಗೆ ಈ ಚಿಂತೆ ಇಲ್ಲ ಬಿಡಿ.) ಹೋಟೆಲಿನವರು ಪುಕ್ಕಟೆ ಕೊಟ್ಟ ಊಟ, ಗೆಳೆಯ ಕೊಟ್ಟ ಜೀಪು, ಇವೂ ಲೆಕ್ಕಕ್ಕೆ ಬರುತ್ತವೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ. ಅಲ್ಲಿ ಪಕ್ಷದ ರಸೀದಿ ಪುಸ್ತಕ ಹಿಡಿದು ಹೋಗಬೇಡಿ.

ದೊಡ್ಡ ಪಕ್ಷಗಳು ಯಾರಿಂದ ಎಷ್ಟು ತಗೊಂಡವು ಅಂತ ತಿಳಿಯೋಕೆ ಜನ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಕೊಟ್ಟವರ ಹೆಸರು ಗುಟ್ಟಾಗಿಟ್ಟು ಪಕ್ಷಗಳಿಗೆ ದುಡ್ಡು ಮುಟ್ಟಿಸುತ್ತಿದ್ದ ಚುನಾವಣಾ ಬಾಂಡ್ 2024ರ ಫೆಬ್ರವರಿ 15ರಂದು ರದ್ದಾದ ಮೇಲೇ ಆ ಪಟ್ಟಿ ಹೊರಬಂತು. ನಿಮ್ಮ ಪಟ್ಟಿಯನ್ನು ನೀವೇ ಕೋಣೆ ಗೋಡೆಗೆ ಅಂಟಿಸಿ. ಬಂದಿದ್ದು ಒಂದು ಕಡೆ, ಹೋಗಿದ್ದು ಒಂದು ಕಡೆ. ಹೆಸರು ಬೇಡ ಅಂದವರದ್ದು ಮೊತ್ತ ಮಾತ್ರ ಬರೆಯಿರಿ.

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿದ್ದೇನೆ. ಪಕ್ಕದ ಮನೆಯವರು ಇಲ್ಲಿನ ಡೆಮಾಕ್ರಟಿಕ್ ಕ್ಲಬ್ಬಿಗೆ 25 ಡಾಲರ್ ಕೊಡಿ ಅಂತ ಕೇಳಿದರು. ಕೊಡಬಹುದಾ? ಊರಿನ ಚುನಾವಣೆಗೆ ಕಳಿಸಬಹುದಾ?
— ಕನ್ನಡಿಗ, ಎಡಿಸನ್

ಉತ್ತರ: ಅಲ್ಲಿ ಕೊಡಬೇಡಿ. ಅಮೆರಿಕದ ಯಾವ ಮಟ್ಟದ ಚುನಾವಣೆಗೂ ವಿದೇಶಿಯರು ದುಡ್ಡು ಕೊಡುವ ಹಾಗಿಲ್ಲ, ಎಚ್-1ಬಿಯವರೂ ಅದರಲ್ಲಿ ಬಂದರು. ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ಇರುವ ಪರವಾನಗಿ) ಇದ್ದವರಿಗೆ ವೋಟಿಲ್ಲ, ಆದರೆ ಕೊಡಬಹುದು. ‘ಹೆಂಡತಿಗೆ ಗ್ರೀನ್ ಕಾರ್ಡ್ ಇದೆ, ನನ್ನ ದುಡ್ಡನ್ನು ಅವಳ ಹೆಸರಲ್ಲಿ ಕೊಡ್ತೀನಿ’ ಅನ್ನೋ ಬುದ್ಧಿವಂತಿಕೆ ಬೇಡ, ಇನ್ನೊಬ್ಬರ ಹೆಸರಲ್ಲಿ ಕೊಡೋದು ಅಲ್ಲಿ ಅಪರಾಧ. ಸಂಬಳವಿಲ್ಲದೆ ಕೈಲಾದ ಕೆಲಸ ಮಾಡಿಕೊಡಬಹುದು. ಲಕೋಟೆಗೆ ಅಂಚೆಚೀಟಿ ಅಂಟಿಸಿ, ಕುರ್ಚಿ ಜೋಡಿಸಿ. ಪಕ್ಕದ ಮನೆಯವರು ಕೇಳಿದ್ದಕ್ಕೆ ಮಾತ್ರ ಬೇಜಾರಾಗಬೇಡಿ. ಸಣ್ಣ ದುಡ್ಡು ಕೇಳೋದು ಅಲ್ಲಿ ಮಾಮೂಲು. 2016ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನದ ಟಿಕೆಟ್ಟಿಗೆ ನಿಂತಿದ್ದ ಬರ್ನಿ ಸ್ಯಾಂಡರ್ಸ್ ‘ನಮಗೆ ಬರುವ ಸರಾಸರಿ ದೇಣಿಗೆ 27 ಡಾಲರ್’ ಅಂತ ಸಭೆ ಸಭೆಯಲ್ಲೂ ಹೆಮ್ಮೆಯಿಂದ ಹೇಳುತ್ತಿದ್ದರು.

ಊರಿಗೆ ಕಳಿಸೋ ವಿಷಯ ನಿಮ್ಮ ಪಾಸ್‌ಪೋರ್ಟ್ ಮೇಲಿದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಕಳಿಸಿ. ಅಲ್ಲಿನ ಪೌರತ್ವ ತಗೊಂಡು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡವರು ಮಾತ್ರ ಕಳಿಸುವ ಹಾಗಿಲ್ಲ. ಕಾನೂನಿಗೆ ಅವರು ವಿದೇಶಿಯರೇ.

ಪ್ರಶ್ನೆ: ನಾನು 500 ರೂಪಾಯಿ ಕೊಟ್ಟ ಅಭ್ಯರ್ಥಿ ಠೇವಣಿಯನ್ನೂ ಕಳೆದುಕೊಂಡ. ದುಡ್ಡು ವಾಪಸ್ ಕೇಳಬಹುದಾ?
— ನೊಂದ ಮತದಾರ, ಚಳ್ಳಕೆರೆ

ಉತ್ತರ: ಚಲಾವಣೆಯಾದ ಸಿಂಧು ಮತದಲ್ಲಿ ಆರನೇ ಒಂದು ಭಾಗವೂ ಬರದೆ, ಕಟ್ಟಿದ ಠೇವಣಿ ಅವರಿಗೇ ವಾಪಸ್ ಸಿಗಲಿಲ್ಲ, ನಿಮಗೆಲ್ಲಿಂದ ಕೊಡ್ತಾರೆ ಸ್ವಾಮಿ? ಲೆಕ್ಕ ಕೇಳಿ, ಕೊಟ್ಟೇ ಕೊಡ್ತಾರೆ. ಕೊಡದಿದ್ದರೆ ಮುಂದಿನ ಸಲ ಕೊಡಬೇಡಿ.